ಬಡಿಗೇರ ಮಾಸ್ತರರ ವ್ಯಾಸಪೀಠ

ನಾವು ನಿತ್ಯವೂ ಪ್ರಾತಃಕಾಲದ ಪೂಜೆಯನ್ನು ಮುಗಿಸಿ ಗ್ರಂಥಪಠನಕ್ಕೆ ಕುಳಿತಾಗ ನಮ್ಮೆದುರು ಒಂದು ಹಳೆಯ ವ್ಯಾಸಪೀಠವಿರುತ್ತದೆ. ಅದರಲ್ಲಿ ಕೆತ್ತನೆಯ ಬೆಡಗಿಲ್ಲ, ಹಿತ್ತಾಳೆಯ ಅಲಂಕಾರವಿಲ್ಲ. ಒಂದೇ ಸಾಗವಾನಿ ಹಲಗೆಯಿಂದ ಬಿಡಿಸಿದ ಎರಡು ರೆಕ್ಕೆಗಳು. ಅವು ಒಂದನ್ನೊಂದು ಹಿಡಿದುಕೊಂಡಿರುವ ಗೆಣ್ಣುಗಳಲ್ಲಿ ಒಂದು ಸೀಳಿದೆ. ಆ ಸೀಳಿಗೆ ಜಾಲಿಯ ಕಟ್ಟಿಗೆಯ ಸಣ್ಣದೊಂದು ಬೆಣೆ ಬಡಿದಿದೆ. ಮನೆಗೆ ಬಂದ ಭಕ್ತರು ಕೆಲವರು ಅದನ್ನು ನೋಡಿ, “ಇದನ್ನೇಕೆ ಇಟ್ಟುಕೊಂಡಿದ್ದೀರಿ? ಹೊಸದೊಂದನ್ನು ತಂದುಕೊಡುತ್ತೇವೆ” ಎನ್ನುವುದುಂಟು. ನಾವು ನಕ್ಕು ಸುಮ್ಮನಾಗುತ್ತೇವೆ. ಆ ಸೀಳು ನಮ್ಮ ಕೈಯದು. ಆ ಬೆಣೆ ನಮ್ಮ ಗುರುಗಳ ಕೈಯದು. ಇಷ್ಟು ವರ್ಷ ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದ ಈ ಎರಡರ ಕಥೆಯನ್ನು ಓದುಗ ಬಂಧುಗಳ ಮುಂದೆ ಇಂದು ಹೇಳಿಕೊಳ್ಳಬೇಕೆನಿಸಿದೆ.

ನಮ್ಮ ಹುಟ್ಟೂರು ಮನಗೂಳಿ. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ ಊರು. ಸುತ್ತಲೂ ಕಣ್ಣು ಹಾಯುವವರೆಗೆ ಎರೆಭೂಮಿ. “ಡೋಣಿ ಬೆಳೆದರೆ ಓಣೆಲ್ಲ ಜೋಳ” ಎಂಬ ಗಾದೆ ಹುಟ್ಟಿದ್ದು ಈ ಸೀಮೆಯಲ್ಲಿಯೇ. ಹೊರಗಿನವರಿಗೆ ಇದು ಜೋಳ ಬೆಳೆಯುವ ಒಂದು ಸಾಧಾರಣ ಊರು. ಶಾಸನಗಳನ್ನು ಬಲ್ಲವರಿಗೆ ಮಾತ್ರ ಇದು ‘ಮಣಿಂಗವಳ್ಳಿ’. ಇಲ್ಲಿಯ ಹನ್ನೆರಡನೆಯ ಶತಮಾನದ ಶಾಸನಗಳನ್ನು ಫ್ಲೀಟ್ ಮಹಾಶಯರು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಕೌಮಾರ ವ್ಯಾಕರಣವನ್ನು ಪಾಠ ಹೇಳುವ ಉಪಾಧ್ಯಾಯರಿಗಾಗಿ ಭೂಮಿಯನ್ನು ಬಿಟ್ಟ ಸಂಗತಿ ಅವುಗಳಲ್ಲಿ ಬರುತ್ತದೆ. ಹೊಲದ ಊರಿನವರು ವ್ಯಾಕರಣದ ಮಾಸ್ತರನಿಗೆ ಹೊಲವನ್ನು ಕೊಟ್ಟು ಸಾಕಿದ್ದರು ಎಂಬುದನ್ನು ನಾವು ಮುಂದೆ ಪಾಠಶಾಲೆಯಲ್ಲಿ ಓದಿ ತಿಳಿದಾಗ ನಮಗೆ ಆಶ್ಚರ್ಯವೆನಿಸಲಿಲ್ಲ. ನಮ್ಮ ಬಾಲ್ಯದಲ್ಲಿಯೂ ಆ ಊರಿನಲ್ಲಿ ಅಂಥ ಒಬ್ಬ ಉಪಾಧ್ಯಾಯರಿದ್ದರು.

ಅವರಿಗೆ ತಂದೆತಾಯಿಗಳು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಊರೆಲ್ಲ ಅವರನ್ನು ಕರೆಯುತ್ತಿದ್ದುದು ‘ಬಡಿಗೇರ ಮಾಸ್ತರು’ ಎಂದೇ; ನಾವೂ ಹಾಗೆಯೇ ಕರೆಯುತ್ತೇವೆ. ಅವರದು ವಿಶ್ವಕರ್ಮ ಮನೆತನ. ತಲೆತಲಾಂತರದಿಂದ ಊರಿನ ರೈತರ ಕುಂಟೆ, ಕೂರಿಗೆ, ನೊಗ, ಚಕ್ಕಡಿಗಳನ್ನು ಮಾಡಿ, ರಾಶಿಯ ದಿನ ಕಣದಲ್ಲಿ ಆಯದ ಜೋಳವನ್ನು ಪಡೆಯುವ ಮನೆ. ನಮ್ಮ ಭಾಗವು 1956ರ ವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆ ಕಾಲದಲ್ಲಿ ಮುಲ್ಕಿ ಪರೀಕ್ಷೆ ಪಾಸಾದವನಿಗೆ ಕನ್ನಡ ಸಾಲೆಯ ಮಾಸ್ತರಿಕೆ ಸಿಕ್ಕುತ್ತಿತ್ತು. ಹಾಗೆ ಮಾಸ್ತರರಾದವರು ಅವರು. ನೌಕರಿ ಸಿಕ್ಕ ಮೇಲೆ ಬಾಚಿಯನ್ನು ಮೂಲೆಗೆ ಇಡಬಹುದಾಗಿತ್ತು. ಅವರು ಇಡಲಿಲ್ಲ. ಬೆಳಿಗ್ಗೆ ಸಾಲೆಯ ಗಂಟೆ ಬಾರಿಸುವ ವರೆಗೆ ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಅಣ್ಣನ ಜೊತೆಗೆ ಕಟ್ಟಿಗೆ ಕೆತ್ತುವರು. ಗಂಟೆ ಬಾರಿಸಿದೊಡನೆ ಕೈಕಾಲು ತೊಳೆದು, ಬಿಳಿಯ ಅಂಗಿ ಧೋತರಗಳನ್ನು ಉಟ್ಟು, ತಲೆಗೆ ಟೋಪಿ ಇಟ್ಟು ಸಾಲೆಗೆ ಬರುವರು. ಎಷ್ಟು ತೊಳೆದರೂ ಅವರ ಕಿವಿಯ ಹಿಂದೆ ಕಟ್ಟಿಗೆಯ ಹುಡಿ ಸ್ವಲ್ಪ ಉಳಿದೇ ಇರುತ್ತಿತ್ತು. ನಾವು ಹುಡುಗರು ಅದನ್ನು ನೋಡಿ ನಗುತ್ತಿದ್ದೆವು.

ಕೈಗೆಲಸವೂ ವಿದ್ಯೆಯೂ ಬೇರೆ ಬೇರೆಯಲ್ಲವೆಂಬ ವಿಚಾರ ನಮ್ಮ ಭಾಗಕ್ಕೆ ಹೊಸದಾಗಿರಲಿಲ್ಲ. ಬನವಾಸಿಯಲ್ಲಿ 1886ರಲ್ಲಿ ಹುಟ್ಟಿ, ಶಿರಸಿಯಲ್ಲಿ ಶಿಕ್ಷಕರಾಗಿದ್ದು, ಆ ನೌಕರಿಯನ್ನು ಬಿಟ್ಟು ನಾಡಿನ ಕೆಲಸಕ್ಕೆ ನಿಂತ ಹರ್ಡೇಕರ ಮಂಜಪ್ಪನವರು ಕೊನೆಗೆ ನೆಲೆಯಾದದ್ದು ನಮ್ಮ ಊರಿಗೆ ದೂರವಲ್ಲದ ಆಲಮಟ್ಟಿಯಲ್ಲಿ. 1947ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಸ್ವಾವಲಂಬನೆಯನ್ನು ಬೋಧಿಸಿದರು, ಬದುಕಿ ತೋರಿಸಿದರು. ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟಾಗ ನೂಲುವಿಕೆ, ಬಡಗಿತನ, ಒಕ್ಕಲುತನಗಳ ಮೂಲಕವೇ ಗಣಿತ, ಭಾಷೆಗಳನ್ನು ಕಲಿಸಬೇಕೆಂದರು. ದೊಡ್ಡ ದೊಡ್ಡ ಸಭೆಗಳಲ್ಲಿ ಚರ್ಚೆಯಾದ ಆ ಮಾತನ್ನು ನಮ್ಮ ಮಾಸ್ತರರು ಯಾರಿಗೂ ಹೇಳದೆ, ಯಾವ ಹೆಸರನ್ನೂ ಕೊಡದೆ, ಮನಗೂಳಿಯ ನಾಲ್ಕು ಗೋಡೆಗಳ ನಡುವೆ ಮಾಡುತ್ತಿದ್ದರು.

ಒಂದು ದಿನ ವರ್ತುಲದ ಪಾಠ. ಹಲಗೆಯ ಮೇಲೆ ಸೂತ್ರವನ್ನು ಬರೆಯದೆ, ನಮ್ಮನ್ನೆಲ್ಲ ಸಾಲಾಗಿ ತಮ್ಮ ಮನೆಯ ಮುಂದೆ ಕರೆದೊಯ್ದರು. ಅಲ್ಲೊಂದು ಚಕ್ಕಡಿಯ ಗಾಲಿ ಮಲಗಿತ್ತು. ಅದರ ಅಡ್ಡಗಲವನ್ನು ಗೇಣಿನಿಂದ ಅಳೆಯಲು ಹೇಳಿದರು, ಏಳು ಗೇಣಾಯಿತು. ಸುತ್ತಲೂ ದಾರವನ್ನು ಸುತ್ತಿ, ಆ ದಾರವನ್ನು ಬಿಚ್ಚಿ ಅಳೆಯಲು ಹೇಳಿದರು, ಇಪ್ಪತ್ತೆರಡು ಗೇಣಾಯಿತು. “ತಮ್ಮಾ, ಏಳಕ್ಕ ಇಪ್ಪತ್ತೆರಡು. ಇದನ್ನ ನೀ ಬಾಯಿಪಾಠ ಮಾಡಬ್ಯಾಡ. ಮರೆತಿ ಅಂದ್ರ ಯಾವುದರ ಗಾಲಿ ಹತ್ತರ ಹೋಗು, ಅದ ಹೇಳತೈತಿ” ಎಂದರು. ಆಮೇಲೆ ಕಬ್ಬಿಣದ ಪಟ್ಟಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ, ನೀರು ಸುರಿದಾಗ ಅದು ಚುಯ್ಯೆಂದು ಕುಗ್ಗಿ ಕಟ್ಟಿಗೆಯನ್ನು ಬಿಗಿಹಿಡಿದುದನ್ನು ತೋರಿಸಿದರು. ಕಾಯ್ದ ಲೋಹ ಹಿಗ್ಗುವುದು, ಆರಿದ ಲೋಹ ಕುಗ್ಗುವುದು ಎಂಬ ಪಾಠ ನಮಗೆ ಅಂದೇ ಆಯಿತು.

ಆದರೆ ನಮ್ಮ ಬಾಳಿನ ದಿಕ್ಕನ್ನು ತಿರುಗಿಸಿದ್ದು ಅವರ ಸಂಧಿಯ ಪಾಠ. ಎರಡು ಕಟ್ಟಿಗೆಯ ತುಂಡುಗಳನ್ನು ಮೇಜಿನ ಮೇಲಿಟ್ಟು ಅವರು ಕೇಳಿದರು: “ಇವೆರಡನ್ನ ಕೂಡಿಸಬೇಕು. ಹೆಂಗ ಕೂಡಸ್ತೀರಿ?” ಒಂದರ ತುದಿಯನ್ನು ಕೆತ್ತಿ ತೆಗೆದು ಇನ್ನೊಂದನ್ನು ಅಲ್ಲಿ ಕೂಡಿಸಿದರೆ ಅದು ಲೋಪಸಂಧಿ, ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆದಂತೆ. ಎರಡರ ನಡುವೆ ಹೊಸದೊಂದು ಕೀಲನ್ನು ಇಟ್ಟು ಕೂಡಿಸಿದರೆ ಅದು ಆಗಮಸಂಧಿ. ‘ಮನೆ’ ಮತ್ತು ‘ಅಲ್ಲಿ’ ನಡುವೆ ಯಕಾರ ಬಂದು ‘ಮನೆಯಲ್ಲಿ’ ಆದಂತೆ. ಹುಳ ತಿಂದ ತುದಿಯನ್ನು ತೆಗೆದು ಅದೇ ಜಾಗಕ್ಕೆ ಬೇರೆ ಕಟ್ಟಿಗೆಯನ್ನು ಹಾಕಿದರೆ ಅದು ಆದೇಶಸಂಧಿ. ‘ಮಳೆ’ ಮತ್ತು ‘ಕಾಲ’ ಸೇರುವಾಗ ಕಕಾರ ಹೋಗಿ ಗಕಾರ ಬಂದು ‘ಮಳೆಗಾಲ’ ಆದಂತೆ. ಮುಂದೆ ನಾವು ಪಂಡಿತರ ಬಳಿಯಲ್ಲಿ ಹನ್ನೆರಡು ವರ್ಷ ವ್ಯಾಕರಣವನ್ನು ಓದಿದೆವು. ಕೇಶಿರಾಜನನ್ನೂ ಓದಿದೆವು, ಪಾಣಿನಿಯನ್ನೂ ಓದಿದೆವು. ಸಂಧಿಯ ವಿಷಯ ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ನಿಂತದ್ದು ಆ ಎರಡು ಕಟ್ಟಿಗೆಯ ತುಂಡುಗಳೇ.

1972ರ ಬರಗಾಲ ಬಂತು. ನಮ್ಮ ವಯಸ್ಸಿನವರು ಅದನ್ನು ಮರೆಯಲಾರರು. ಹಿಂಗಾರಿ ಬಿತ್ತನೆಯ ಹೊತ್ತಿಗೆ ಕೂರಿಗೆಗಳನ್ನು ಸಜ್ಜುಗೊಳಿಸಿ ರೈತರು ಆಕಾಶವನ್ನು ನೋಡುತ್ತ ಕುಳಿತರು. ಭೂಮಿ ಬಾಯಿಬಿಟ್ಟಿತೇ ಹೊರತು ಮೋಡ ಬಾಯಿಬಿಡಲಿಲ್ಲ. ಮೇವಿಲ್ಲದೆ ಎತ್ತುಗಳನ್ನು ಸಂತೆಗೆ ಹೊಡೆದರು. ಬರಗಾಲದ ಕಾಮಗಾರಿಗಳಲ್ಲಿ ದೊಡ್ಡವರ ಜೊತೆಗೆ ಹುಡುಗರೂ ಕಲ್ಲು ಮಣ್ಣು ಹೊರಲು ಹೋದರು. ನಮ್ಮ ವರ್ಗದಲ್ಲಿ ಅರ್ಧ ಹುಡುಗರು ಕಾಣದಾದರು. ಮಾಸ್ತರರು ಸಂಜೆ ಸಾಲೆ ಬಿಟ್ಟ ಮೇಲೆ ಪಾಟಿಗಳ ಗಂಟನ್ನು ಹೆಗಲಿಗೆ ಹಾಕಿಕೊಂಡು ಕಾಮಗಾರಿಯ ಜಾಗಕ್ಕೇ ನಡೆದು ಹೋಗುತ್ತಿದ್ದರು. ಗಂಟಿನ ಇನ್ನೊಂದು ತುದಿಯಲ್ಲಿ ಬಾಚಿ, ಉಳಿಗಳು. ಮುರಿದ ಗುದ್ದಲಿಗೆ ಕಾವು ಹಾಕಿಕೊಡುತ್ತ, ಸುತ್ತಲೂ ಕುಳಿತ ಹುಡುಗರ ಕಡೆಯಿಂದ ಮಗ್ಗಿಯನ್ನು ಹೇಳಿಸುತ್ತಿದ್ದರು. ಆ ವರ್ಷ ಯಾವ ಕಣದಲ್ಲಿಯೂ ರಾಶಿಯಾಗಲಿಲ್ಲ. ಆದ್ದರಿಂದ ಯಾರ ಮನೆಯಿಂದಲೂ ಆಯ ಬರಲಿಲ್ಲ.

ನಮ್ಮ ತಂದೆಯವರಿಗೆ ಐದು ಜನ ಮಕ್ಕಳು. ಮಠದಲ್ಲಿ ಅನ್ನಕ್ಕೂ ಕೊರತೆಯಿಲ್ಲ, ಅಕ್ಷರಕ್ಕೂ ಕೊರತೆಯಿಲ್ಲ ಎಂದು ಹಿರಿಯರು ಹೇಳಿದ್ದರಿಂದ, ನಡುವಿನವರಾದ ನಮ್ಮನ್ನು ದೂರದ ಮಠವೊಂದರ ಸಂಸ್ಕೃತ ಪಾಠಶಾಲೆಗೆ ಕಳಿಸಲು ನಿರ್ಧಾರವಾಯಿತು. ಇಂದು ನಮ್ಮನ್ನು ಪರಿಚಯಿಸುವವರು, ‘ಬಾಲ್ಯದಲ್ಲಿಯೇ ವಿದ್ಯೆಯ ಹಂಬಲದಿಂದ ಮನೆಯನ್ನು ತೊರೆದವರು’ ಎಂದು ವರ್ಣಿಸುತ್ತಾರೆ. ಸತ್ಯವನ್ನು ಹೇಳಬೇಕೆಂದರೆ ನಾವು ಮನೆಯನ್ನು ತೊರೆದದ್ದು ಹಸಿವಿನಿಂದ.

ಹೊರಡುವುದಕ್ಕೆ ಎಂಟು ದಿನ ಮೊದಲು ಮಾಸ್ತರರು ನಮ್ಮನ್ನು ಕರೆದು, “ಮಠಕ್ಕ ಹೊಂಟಿ, ಗ್ರಂಥ ಎದರ ಮ್ಯಾಲ ಇಡತಿ?” ಎಂದು ಕೇಳಿ, ಹಳೆಯ ಬಾಗಿಲಿನ ಹಲಗೆಯೊಂದನ್ನು ತೆಗೆದರು. ವ್ಯಾಸಪೀಠವನ್ನು ಮಾಡುವ ಬಗೆಯನ್ನು ನೋಡಿದವರು ಈಗ ಕಡಿಮೆ. ಅದಕ್ಕೆ ಮೊಳೆಯಿಲ್ಲ, ತಿರುಗಣಿಯಿಲ್ಲ, ಅಂಟಿಲ್ಲ. ಒಂದೇ ಹಲಗೆಯ ನಡುವಿಗಿಂತ ತುಸು ಕೆಳಗೆ ಅಡ್ಡಲಾಗಿ ಗೆಣ್ಣುಗಳನ್ನು ಗುರುತು ಮಾಡಬೇಕು. ಒಂದು ಗೆಣ್ಣು ಈ ಮುಖದ ರೆಕ್ಕೆಗೆ, ಮುಂದಿನದು ಆ ಮುಖದ ರೆಕ್ಕೆಗೆ. ಎರಡೂ ಮುಖಗಳಿಂದ ಉಳಿಯಿಂದ ಕೆತ್ತಿ ಅವುಗಳನ್ನು ದುಂಡಗೆ ಮಾಡಬೇಕು. ಬಳಿಕ ಹಲಗೆಯನ್ನು ನಿಲ್ಲಿಸಿ, ಅದರ ದಪ್ಪವೇ ಎರಡಾಗುವಂತೆ ಮೇಲಿನಿಂದಲೂ ಕೆಳಗಿನಿಂದಲೂ ಗೆಣ್ಣುಗಳ ವರೆಗೆ ಗರಗಸದಿಂದ ಸೀಳಬೇಕು. ಒಳಗೆ ಕೆಲಸ ಸರಿಯಾಗಿದೆಯೋ ಇಲ್ಲವೋ ಎಂಬುದು ಕಡೆಯ ವರೆಗೂ ಕಣ್ಣಿಗೆ ಕಾಣುವುದಿಲ್ಲ. ಬಿಡಿಸುವ ಗಳಿಗೆಯಲ್ಲಿ ಅದು ಪುಸ್ತಕದಂತೆ ತೆರೆದುಕೊಳ್ಳಬೇಕು, ಇಲ್ಲವೆ ಒಡೆಯಬೇಕು.

ಎಂಟು ದಿನವೂ ನಮ್ಮ ಕೈಯಲ್ಲಿಯೇ ಉಳಿಯನ್ನು ಕೊಟ್ಟು ಅರ್ಧ ಕೆಲಸವನ್ನು ಮಾಡಿಸಿದರು. ಕೊನೆಯ ಸಂಜೆ ಅವರು ಒಳಗೆ ನೀರು ಕುಡಿಯಲು ಹೋದಾಗ ನಮಗೆ ತಾಳ್ಮೆ ತಪ್ಪಿತು. ಒಂದು ಗೆಣ್ಣು ಇನ್ನೂ ಒಳಗಿನಿಂದ ಬಿಟ್ಟಿರಲಿಲ್ಲ. ಎರಡು ಕೈಯಿಂದ ಹಿಡಿದು ಜಗ್ಗಿದೆವು. ಚಟ್ಟೆಂದು ಸದ್ದಾಯಿತು. ಹೊರಗೆ ಬಂದ ಮಾಸ್ತರರು ಸೀಳನ್ನು ನೋಡಿದರು, ನಮ್ಮ ಮುಖವನ್ನು ನೋಡಿದರು. ಬೈಯಲಿಲ್ಲ. ಜಾಲಿಯ ಚಕ್ಕೆಯೊಂದನ್ನು ಆಯ್ದು, ತೆಳ್ಳಗೆ ಹೆರೆದು, ಸೀಳಿಗೆ ಬಡಿದು ಕೂಡಿಸಿದರು. ಮುಂದೆ ಉಳಿದ ಗೆಣ್ಣನ್ನು ನಿಧಾನವಾಗಿ ಬಿಡಿಸಿ ಪೀಠವನ್ನು ತೆರೆದು ನಮ್ಮ ಕೈಗಿಟ್ಟು, “ಹೊಸಾದು ಮಾಡಿಕೊಡಬಹುದಿತ್ತು ತಮ್ಮಾ. ಆದರ ಇದು ಇರಲಿ. ಓದೂ ಹಿಂಗ. ಜಗ್ಗಬ್ಯಾಡ” ಎಂದರು. ಅಷ್ಟೇ ಅವರ ಉಪದೇಶ.

ಮುಂದಿನ ಇಪ್ಪತ್ತೈದು ವರ್ಷಗಳ ಕಥೆಯನ್ನು ಬೇಗ ಹೇಳಿಬಿಡುತ್ತೇವೆ. ಓದಿದೆವು, ಬರೆದೆವು, ಜನ ‘ಶಾಸ್ತ್ರಿಗಳು’ ಎಂದು ಕರೆಯತೊಡಗಿದರು. ಪ್ರವಚನಗಳಿಗೆ ಆಮಂತ್ರಣಗಳು ಬಂದವು. ಶಾಲು ಬಂತು, ಫಲಕ ಬಂತು, ಸನ್ಮಾನದಲ್ಲಿ ಕೆತ್ತನೆಯ ಹೊಸ ವ್ಯಾಸಪೀಠವೂ ಬಂತು. ಹಳೆಯದು ಅಟ್ಟವನ್ನು ಸೇರಿತು.

1990ರ ದಶಕದ ಕೊನೆಯಲ್ಲಿ ಹುಟ್ಟೂರಿನಿಂದಲೇ ಒಂದು ಕರೆ ಬಂತು. ವಿಷಯ: ಕಾಯಕ. ನಾವು ಅಂದು ಬಾಚಿಕಾಯಕದ ಬಸವಯ್ಯನವರನ್ನು ಕುರಿತು ಮಾತನಾಡಿದೆವು. ಹನ್ನೆರಡನೆಯ ಶತಮಾನದ ಆ ಶರಣರು ಬಡಗಿಗಳು. ಕೈಯಲ್ಲಿ ಬಾಚಿಯನ್ನು ಹಿಡಿದೇ ವಚನಗಳನ್ನು ರಚಿಸಿದವರು. ಅವರ ಪುಣ್ಯಸ್ತ್ರೀ ಕಾಳವ್ವೆಯವರೂ ವಚನಕಾರ್ತಿ. ಮರವನ್ನು ಕೆತ್ತುವ ಕೈ ಮಾತನ್ನೂ ಕೆತ್ತಬಲ್ಲದೆಂದು ಒಂದು ತಾಸು ವಿವರಿಸಿದೆವು. ಚಪ್ಪಾಳೆಯಾಯಿತು. ಆ ಪೆಂಡಾಲಿನ ಕೊನೆಯ ಕಂಬಕ್ಕೆ ಆತು, ಎಂಬತ್ತರ ಅಂಚಿನ ಒಬ್ಬ ಮುದುಕರು ಅಷ್ಟು ಹೊತ್ತೂ ನಿಂತಿದ್ದರು. ನಾವು ನೋಡಿದ್ದೆವು; ಗುರುತೂ ಹಿಡಿದಿದ್ದೆವು. ವೇದಿಕೆಯಿಂದ ಇಳಿದು ಅವರ ಕೈಹಿಡಿದು ಮೇಲೆ ಕರೆತರಬೇಕಾಗಿತ್ತು. ಮುಂದಿನ ಊರಿನ ಕಾರ್ಯಕ್ರಮಕ್ಕೆ ಹೊತ್ತಾಗುತ್ತದೆಂಬ ನೆಪವನ್ನು ಮನಸ್ಸು ಮುಂದೆ ಮಾಡಿತು. ಅವರೇ ಮೆಲ್ಲಗೆ ನಡೆದು ಕಾರಿನ ಹತ್ತಿರ ಬಂದರು.

“ಭಾಷಣ ಛಲೋ ಆತ್ರಿ ಶಾಸ್ತ್ರಿಗಳ,” ಎಂದರು. ತಮ್ಮಾ ಎನ್ನಲಿಲ್ಲ. “ಬಾಚಿ ಸುದ್ದಿ ಬಾಳ ಛಂದ ಹೇಳಿದ್ರಿ. ಆವಾಗ ಮಾಡಿದ ವ್ಯಾಸಪೀಠ ಇನ್ನೂ ಐತೇನ್ರಿ?”

“ಇರಬೇಕ್ರಿ ಮಾಸ್ತರ, ಎಲ್ಲೋ ಅಟ್ಟದ ಮ್ಯಾಲ,” ಎಂದೆವು. ಕಾರಿನ ಬಾಗಿಲನ್ನು ಆಗಲೇ ಯಾರೋ ತೆರೆದು ಹಿಡಿದಿದ್ದರು.

“ಇರಲಿ ಬಿಡ್ರಿ. ಕಟ್ಟಿಗಿ ಹೋದರ ಹೋಗಲಿ, ಓದು ಉಳದೈತಲ್ಲ,” ಎಂದು ಅವರು ಕೈಮುಗಿದರು. ಗುರು ಶಿಷ್ಯನಿಗೆ ಕೈಮುಗಿದರು. ಶಿಷ್ಯ ಕಾರಿನಲ್ಲಿ ಕುಳಿತ.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮರುದಿನ ಮನೆಗೆ ಬಂದವರೇ ಅಟ್ಟವನ್ನು ಹತ್ತಿ, ಹಳೆಯ ಕಾಗದಗಳ ಗಂಟಿನ ಕೆಳಗಿನಿಂದ ಅದನ್ನು ತೆಗೆದೆವು. ಗೆದ್ದಲು ಕಾಗದವನ್ನು ತಿಂದಿತ್ತು, ಸಾಗವಾನಿಯನ್ನು ಮುಟ್ಟಿರಲಿಲ್ಲ. ಒರೆಸಿ ತೆರೆದೆವು. ಬೆಣೆ ಅಲುಗಿರಲಿಲ್ಲ. ಅದನ್ನು ಎತ್ತಿಕೊಂಡು ಮನಗೂಳಿಗೆ ಹೋಗಿ ಅವರ ಕಾಲ ಬಳಿ ಇಟ್ಟು ತಪ್ಪಾಯಿತೆನ್ನಬೇಕೆಂದು ಸಂಕಲ್ಪಿಸಿದೆವು. ಶ್ರಾವಣದ ಪ್ರವಚನ ಮುಗಿಯಲಿ ಎಂದೆವು. ದೀಪಾವಳಿ ಕಳೆಯಲಿ ಎಂದೆವು. ಪುಸ್ತಕದ ಅಚ್ಚಿನ ಕೆಲಸ ತೀರಲಿ ಎಂದೆವು. ಹೀಗೆ ಎರಡು ವರ್ಷಗಳಾದವು. ಆಮೇಲೆ ಒಂದು ಅಂಚೆಯ ಕಾರ್ಡು ಬಂತು. ಮಾಸ್ತರರು ಶಿವಾಧೀನರಾಗಿ ಒಂಬತ್ತು ದಿನಗಳಾಗಿದ್ದವು.

ವ್ಯಾಸಪೀಠವನ್ನು ತೆಗೆದುಕೊಂಡೇ ಹೋದೆವು. ಬೇವಿನ ಮರವಿತ್ತು, ಅದರ ಕೆಳಗೆ ಚಕ್ಕೆಗಳಿರಲಿಲ್ಲ. ಅವರ ಮಗ ಒಳಗಿನಿಂದ ಆಯದ ವಹಿಯೊಂದನ್ನು ತಂದು ನಮ್ಮ ಮುಂದಿಟ್ಟು, “ನೀವು ನೋಡಬೇಕ್ರಿ ಅಂತ ಅಪ್ಪಾ ಯಾವತ್ತರೆ ಅಂತಿದ್ದ,” ಎಂದರು. ಮಾಸ್ತರರ ದುಂಡನೆಯ ಅಕ್ಷರ. ಪ್ರತಿವರ್ಷಕ್ಕೊಂದಿಷ್ಟು ಪುಟಗಳು, ರೈತರ ಹೆಸರು, ಮಾಡಿದ ಕೆಲಸ, ಬಂದ ಜೋಳ. ಕಡಿಮೆ ಬಿದ್ದುದನ್ನು ಮುಂದಿನ ವರ್ಷದ ಪುಟಕ್ಕೆ ‘ಹಿಂದಿನ ಬಾಕಿ’ ಎಂದು ತಪ್ಪದೆ ಬರೆದಿದ್ದರು. ಲೆಕ್ಕ ಕಲಿಸುವ ಮಾಸ್ತರರಲ್ಲವೇ! 1972ರ ಪುಟಗಳಲ್ಲಿ ಹೆಸರುಗಳಿದ್ದವು, ಕೆಲಸಗಳಿದ್ದವು, ಜೋಳದ ಸಾಲು ಮಾತ್ರ ಖಾಲಿ. ಕೊನೆಗೆ ಒಂದೇ ಒಂದು ವಾಕ್ಯ: ‘ಈ ವರ್ಷದ ಆಯ ಮಳೆರಾಯನ ಕಡೆ ಬಾಕಿ.’ ಮುಂದಿನ ವರ್ಷದ ಪುಟವನ್ನು ತಿರುವಿದೆವು. ಆ ಬಾಕಿಯನ್ನು ಯಾರ ಹೆಸರಿಗೂ ಎಳೆದಿರಲಿಲ್ಲ.

ನಮ್ಮ ತಂದೆಯವರ ಹೆಸರಿನ ಮುಂದೆ, ಕುಂಟೆ ಮತ್ತು ನೊಗಗಳ ಕೆಳಗೆ, ಹೀಗೆ ಬರೆದಿತ್ತು: ‘ವ್ಯಾಸಪೀಠ 1. ಅರ್ಧ ಕೆಲಸ ಹುಡುಗನೇ ಮಾಡಿದ. ಅರ್ಧ ಕೂಲಿ ಅವನದು.’

ನಾವು ಅದನ್ನು ಓದಿ ತಲೆ ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು. ನಾವು ಒಡೆದದ್ದನ್ನು ಅವರು ಬರೆದಿರಲಿಲ್ಲ. ನಾವು ಮಾಡಿದ್ದನ್ನು ಬರೆದಿದ್ದರು.

ಇಂದು ಮನಗೂಳಿಯ ಹೊಲಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಕಬ್ಬಿಣದ ಕೂರಿಗೆಗಳು ಓಡುತ್ತವೆ. ಚಕ್ಕಡಿಗಳಿಗೆ ರಬ್ಬರಿನ ಗಾಲಿಗಳು ಬಂದಿವೆ. ಆಯದ ಪದ್ಧತಿ ಮಾಯವಾಗಿದೆ. ಅದರಲ್ಲಿ ಒಳ್ಳೆಯದರೊಂದಿಗೆ ಕೆಟ್ಟದ್ದೂ ಇತ್ತು. ಕಸುಬಿನವನ ದುಡಿಮೆಗೆ ಬೆಲೆ ಕಟ್ಟುವವರು ಬೇರೆಯವರಾಗಿದ್ದರು, ಅವನಿಗೆ ಬೇರೆ ದಾರಿ ಇರಲಿಲ್ಲ. ಆದ್ದರಿಂದ ಕಾಲ ಬದಲಾದುದಕ್ಕಾಗಿ ನಾವು ಅಳುವುದಿಲ್ಲ. ನಮ್ಮ ಕೊರಗು ಬೇರೆ. ಕಾಯಕವನ್ನು ಕುರಿತು ನಾವು ನೂರಾರು ಭಾಷಣಗಳನ್ನು ಮಾಡಿದ್ದೇವೆ. ಎಂಟು ನೂರು ವರ್ಷಗಳ ಹಿಂದಿನ ಬಡಗಿಯನ್ನು ವೇದಿಕೆಯ ಮೇಲೆ ಕೂಡಿಸಿ ಪೂಜಿಸಿದ್ದೇವೆ. ನಮ್ಮ ಕೈಗೆ ಅಕ್ಷರವನ್ನೂ ಉಳಿಯನ್ನೂ ಕೊಟ್ಟ ಬಡಗಿಯನ್ನು ಪೆಂಡಾಲಿನ ಕಂಬದ ಬಳಿ ನಿಲ್ಲಿಸಿದ್ದೇವೆ. ಅವರಿಗೆ ಕೊಡಬೇಕಾದ ಆಯವನ್ನು ನಾವು ಕೊಡಲಿಲ್ಲ. ಆ ಬಾಕಿಯನ್ನು ಮಳೆರಾಯನ ಮೇಲೆ ಹಾಕಲು ನಮಗೆ ಬಾಯಿಲ್ಲ.

ಈ ಪತ್ರಿಕೆಯನ್ನು ಓದುವ ತಾಯಂದಿರೇ, ಮಹನೀಯರೇ, ನಿಮಗೂ ಅಕ್ಷರ ಕಲಿಸಿದ ಮಾಸ್ತರರೊಬ್ಬರು, ಅಕ್ಕೋರೊಬ್ಬರು ಯಾವುದೋ ಊರಿನ ಯಾವುದೋ ಕಟ್ಟೆಯ ಮೇಲೆ ಕುಳಿತಿರಬಹುದು. ಹಬ್ಬ ಮುಗಿಯಲಿ ಎನ್ನಬೇಡಿ. ಮಕ್ಕಳನ್ನೂ ಕರೆದುಕೊಂಡು ಈ ವಾರವೇ ಹೋಗಿಬನ್ನಿ. ಶಾಲು ಬೇಡ, ಫಲಕ ಬೇಡ. ಅವರು ‘ತಮ್ಮಾ’, ‘ತಂಗೀ’ ಎಂದು ಕರೆಯುವಷ್ಟು ಹತ್ತಿರ ಕುಳಿತರೆ ಸಾಕು.

ನಮ್ಮ ಮೊಮ್ಮಗಳಿಗೆ ಈಗ ಏಳು ವರ್ಷ. ಬೆಳಿಗ್ಗೆ ವ್ಯಾಸಪೀಠವನ್ನು ತೆರೆದಿಡುವ ಕೆಲಸವನ್ನು ಅವಳು ತಾನಾಗಿಯೇ ವಹಿಸಿಕೊಂಡಿದ್ದಾಳೆ. ಮೊದಲ ದಿನ ಅವಳು ಅವಸರದಿಂದ ಕೈಹಾಕಿದಾಗ ನಮ್ಮ ಬಾಯಿಂದ ಅರಿವಿಲ್ಲದೆಯೇ ಬಂದ ಮಾತು ಆ ಬೇವಿನ ನೆರಳಿನದು: “ಜಗ್ಗಬ್ಯಾಡ ತಂಗೀ.” ಅವಳು ಕೈಯನ್ನು ಸಡಿಲಿಸಿ, ಬೆಣೆಯ ಕಡೆಗೊಮ್ಮೆ ನೋಡಿ, ನಿಧಾನವಾಗಿ ಬಿಡಿಸಿದಳು. ಅದು ತೆರೆದುಕೊಂಡಿತು.